ಕಡಲಿಗೆ ಹೊರಟವರು ಇಬ್ಬರು, ಗಾಡಿ ಹತ್ತಿದವರು ಹದಿಮೂರು!

ಚಿಕ್ಕಜಾಜೂರು: ಈ ಊರಿಗೆ ರೈಲಿನ ಬರ ಇಲ್ಲ. ಬೀರೂರು ಕಡೆಯಿಂದ ಬಂದ ಗಾಡಿ ದಾವಣಗೆರೆ, ಹುಬ್ಬಳ್ಳಿ ಕಡೆ ಓಡುತ್ತದೆ. ಇನ್ನೊಂದು ಹಳಿ ಚಿತ್ರದುರ್ಗದ ಮೇಲೆ ಹಾದು ಬಳ್ಳಾರಿ ದಿಕ್ಕಿಗೆ ಹೊರಳುತ್ತದೆ. ಜಂಕ್ಷನ್ ಎಂಬ ಹೆಸರು ಪುಕ್ಕಟೆ ಬಂದದ್ದಲ್ಲ. ಆದರೆ ಹೊಸದಾಗಿ ಮದುವೆಯಾದ ಜೋಡಿಯೊಂದು ಇದೇ ಪ್ಲಾಟ್‌ಫಾರ್ಮಿನಲ್ಲಿ ನಿಂತು 'ನಾವು ಕಡಲು ನೋಡಬೇಕು' ಅಂದರೆ ಮೂರೂ ದಿಕ್ಕಿನ ಹಳಿಗಳು ಸುಮ್ಮನಾಗುತ್ತವೆ. ಉತ್ತರ ಕನ್ನಡದ ಕಡಲಿಗೆ ಇಲ್ಲಿಂದ ನೇರ ಹಳಿ ಇಲ್ಲ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು 1990ರ ದಶಕದಿಂದ ಕೇಳುತ್ತಲೇ ಇದ್ದೇವೆ. ಅದು ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ.

ಹಾಗಂತ ಕಡಲೇನು ಕಾಶಿಯಷ್ಟು ದೂರವೇ? ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗ, ಸಾಗರ, ಜೋಗ ದಾಟಿ ಗೇರುಸೊಪ್ಪೆ ಘಾಟಿ ಇಳಿದರೆ ಹೊನ್ನಾವರ. ಹೆಚ್ಚು ಕಡಿಮೆ 250 ಕಿ.ಮೀ. ಬೆಳಿಗ್ಗೆ ಮುದ್ದೆ ಉಂಡು ಹೊರಟವರು ಸಂಜೆ ಸೂರ್ಯ ಮುಳುಗುವುದನ್ನು ನೀರಿನ ಮೇಲೆ ನೋಡಬಹುದು. ಇದಕ್ಕಿಂತ ಎಷ್ಟೋ ದೂರದ ತಿರುಪತಿಗೆ ನಮ್ಮವರು ವರ್ಷ ವರ್ಷ ಹೋಗಿ ತಲೆ ಬೋಳಿಸಿಕೊಂಡು ಬರುತ್ತಾರೆ. ಆದರೂ ಈ ಸೀಮೆಯಲ್ಲಿ ಮದುವೆಯಾಗಿ ಎರಡು ಮಕ್ಕಳಾದರೂ ಗಂಡ-ಹೆಂಡತಿ ಜೊತೆಯಾಗಿ ಕಡಲು ಕಾಣದ ಮನೆಗಳು ಬೇಕಾದಷ್ಟಿವೆ. ಕಾರಣ ದೂರವಲ್ಲ, ದುಡ್ಡೂ ಪೂರ್ತಿ ಅಲ್ಲ. 'ಇಬ್ಬರೇ' ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಜಾಗ ಇಲ್ಲ.

ಹನಿಮೂನ್ ಎಂಬ ಪದ ಸಿನಿಮಾದವರಿಂದ ನಮಗೆ ಬಂತು. ಮಧುಚಂದ್ರ ಅಂತ ಪತ್ರಿಕೆಯವರು ಅದಕ್ಕೊಂದು ಕನ್ನಡ ಹೆಸರಿಟ್ಟರು. ಮನೆಯೊಳಗೆ ಮಾತ್ರ ಎರಡೂ ಪದ ಬಾಯಿಗೆ ಬರುವುದಿಲ್ಲ. ಹುಡುಗ ಅಪ್ಪನ ಎದುರು ನಿಂತು ಹನಿಮೂನ್ ಅಂದಾನೆಯೇ? 'ಗೋಕರ್ಣಕ್ಕೆ ಹೋಗಿಬರ್ತೀವಿ' ಅನ್ನುತ್ತಾನೆ. ಇಲ್ಲವೇ ಮುರುಡೇಶ್ವರ ಅನ್ನುತ್ತಾನೆ. ದೇವರ ಹೆಸರು ಬಂದೊಡನೆ ಅಪ್ಪಣೆ ಸಲೀಸು. ಅಲ್ಲಿಂದಲೇ ಗೋಳೂ ಶುರು.

ದೇವರ ದರ್ಶನ ಅಂದ ಮೇಲೆ ಬೇರೆಯವರಿಗೆ ಬೇಡವೇ? ಮೊದಲು ಅವ್ವ ಹೊರಡುತ್ತಾಳೆ. ಅವ್ವ ಹೊರಟರೆ ಅಪ್ಪನಿಗೆ ಅಡುಗೆ ಮಾಡೋರು ಯಾರು ಅಂತ ಅಪ್ಪನೂ ಹೊರಡುತ್ತಾನೆ. ನಾದಿನಿಗೆ ಕಾಲೇಜು ರಜ. ಮೈದುನನಿಗೆ ಕೆಲಸವಿಲ್ಲ. ಪಕ್ಕದ ಓಣಿಯ ಚಿಕ್ಕಪ್ಪ, ಚಿಕ್ಕವ್ವ 'ನಮ್ಮನ್ನೂ ಕರಕಂಡ್ ಹೋಗ್ರಪ್ಪಾ, ಡೀಸೆಲ್ ದುಡ್ಡು ಕೊಡ್ತೀವಿ' ಅನ್ನುತ್ತಾರೆ. ಕೊನೆಗೆ ಒಂದು ಕ್ರೂಸರ್ ಗಾಡಿ ಗೊತ್ತಾಗುತ್ತದೆ. ಹದಿಮೂರು ಜನ, ಎರಡು ಡಬ್ಬಿ ಪುಳಿಯೋಗರೆ, ಒಂದು ಚೀಲ ಚಪಾತಿ, ಶೇಂಗಾ ಚಟ್ನಿಪುಡಿ, ವಾಂತಿ ಬಂದರೆ ಇರಲಿ ಅಂತ ನಿಂಬೆಹಣ್ಣು. ಮದುಮಗ ಮುಂದಿನ ಸೀಟಿನಲ್ಲಿ ಡ್ರೈವರ್ ಪಕ್ಕ ದಾರಿ ಹೇಳಲು. ಮದುಮಗಳು ಹಿಂದಿನ ಅಡ್ಡ ಸೀಟಿನಲ್ಲಿ, ತೊಡೆಯ ಮೇಲೆ ಯಾರದೋ ಕೂಸು. ಮುರುಡೇಶ್ವರದಲ್ಲಿ ಗೋಪುರದ ಮುಂದೆ ಹದಿಮೂರು ಮಂದಿಯ ಒಂದು ಫೋಟೋ. ರಾತ್ರಿ ಎರಡು ರೂಮು, ಒಂದರಲ್ಲಿ ಗಂಡಸರು, ಇನ್ನೊಂದರಲ್ಲಿ ಹೆಂಗಸರು. ಮಾರನೇ ದಿನ ಧರ್ಮಸ್ಥಳ, ಆಮೇಲೆ ಮನೆ. ಮುಗಿಯಿತು ಮಧುಚಂದ್ರ!

ಓದುಗರು ನಗಬಹುದು. ಈ ಪ್ರವಾಸ ಮಾಡಿ ಬಂದವರು ಮಾತ್ರ ನಗುವುದಿಲ್ಲ.

ಅವ್ವನ ಮಾತೂ ಸುಳ್ಳಲ್ಲ

ಹಿರಿಯರನ್ನೇ ಬೈದು ಬರೆದರೆ ಈ ಕಾಲಂ ಸುಲಭವಾಗಿ ಮುಗಿಯುತ್ತದೆ. ಆದರೆ ಅವ್ವ ಹೇಳುವುದನ್ನೂ ಕೇಳಬೇಕು. 'ಅಲ್ಲಪ್ಪಾ, ನಾವು ಸಮುದ್ರ ನೋಡಾದು ಯಾವಾಗ? ಸತ್ತ ಮ್ಯಾಲಾ?' ಅಂತ ಆಕೆ ಕೇಳಿದರೆ ಏನು ಉತ್ತರ? ನಲವತ್ತು ವರ್ಷ ಸಂಸಾರ ಮಾಡಿದ ಆಕೆ ಗಂಡನ ಜೊತೆ ಹೋದದ್ದು ಆಸ್ಪತ್ರೆಗೆ, ಸಾವಿನ ಮನೆಗೆ, ಜಮೀನಿನ ವ್ಯಾಜ್ಯವಿದ್ದರೆ ಕೋರ್ಟಿಗೆ, ಹರಕೆ ತೀರಿಸಲು ದೇವಸ್ಥಾನಕ್ಕೆ. ನೀರು ಅಂದರೆ ಆಕೆಗೆ ಬೋರ್‌ವೆಲ್ಲಿನ ಪೈಪು, ಊರ ಮುಂದಿನ ಕೆರೆ, ಹೆಚ್ಚೆಂದರೆ ಚನ್ನಗಿರಿ ಹತ್ತಿರದ ಸೂಳೆಕೆರೆ ಎಂಬ ಶಾಂತಿಸಾಗರ. ನಮ್ಮ ಜಿಲ್ಲೆಯ ನೀರಡಿಕೆ ಎಂಥದ್ದು ಅನ್ನುವುದಕ್ಕೆ ಹಿರಿಯೂರಿನ ಮಾರಿಕಣಿವೆ ಸಾಕ್ಷಿ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹರಿಯುವ ನೀರು ನೋಡಲೆಂದೇ ಜನ ಬಸ್ಸು, ಟ್ರ್ಯಾಕ್ಟರ್ ಹತ್ತಿ ಹೋದರು. ಇಂಥ ಸೀಮೆಯ ಹೆಂಗಸು ಕಡಲು ಅಂದೊಡನೆ ಸೀರೆ ಮಡಚಿ ಚೀಲಕ್ಕೆ ಹಾಕಿದರೆ ತಪ್ಪು ಹೊರಿಸುವುದು ಹೇಗೆ?

ಹಾಗಾಗಿ ಅವ್ವನಿಗೂ ಕಡಲು ತೋರಿಸಿ. ಆದರೆ ಅದೇ ಗಾಡಿಯಲ್ಲಿ ಅಲ್ಲ, ಅದೇ ವಾರ ಅಲ್ಲ. ಅಪ್ಪ ಅವ್ವನನ್ನು ಬೇರೆಯಾಗಿ ಕಳಿಸಿ. ಮೊಮ್ಮಕ್ಕಳ ಕಾಟವಿಲ್ಲದೆ ಅವರೂ ಇಬ್ಬರೇ ಹೋಗಿಬರಲಿ. ಮುದುಕ ಮುದುಕಿಗೆ ಮಾತಾಡಲು ಏನಿದೆ ಅಂತ ಕೇಳಬೇಡಿ, ನಲವತ್ತು ವರ್ಷದ ಬಾಕಿ ಇದೆ.

ಹೊಸ ಸೊಸೆಯ ಕಡೆಗೆ ಬರೋಣ. ಆಕೆ ಹುಟ್ಟಿದ ಮನೆ ಬಿಟ್ಟು ಬಂದಿರುತ್ತಾಳೆ. ಗಂಡನ ಮುಖ ಮದುವೆಗೆ ಮುಂಚೆ ನೋಡಿದ್ದು ಹೆಣ್ಣು ನೋಡುವ ದಿನ, ನಿಶ್ಚಿತಾರ್ಥದ ದಿನ. ಈಗೀಗ ಫೋನಿನಲ್ಲಿ ಮಾತಾಡುತ್ತಾರೆ ನಿಜ. ಆದರೆ ಮದುವೆ ಆದ ಮೇಲೆ ಗಂಡ ತೋಟದಲ್ಲಿ, ಆಕೆ ಅಡುಗೆ ಮನೆಯಲ್ಲಿ. ರಾತ್ರಿ ಪಿಸುಮಾತಾಡಿದರೂ ಪಡಸಾಲೆಗೆ ಕೇಳುವ ಮನೆ. ಈ ಮನುಷ್ಯ ಸಿಟ್ಟು ಬಂದರೆ ಹೇಗಿರುತ್ತಾನೆ, ಹಸಿವಾದರೆ ಹೇಗಿರುತ್ತಾನೆ, ದಾರಿ ತಪ್ಪಿದರೆ ಏನು ಮಾಡುತ್ತಾನೆ ಅನ್ನುವುದು ತಿಳಿಯಲು ಮೂರು ದಿನದ ಪ್ರಯಾಣದಂಥ ಪರೀಕ್ಷೆ ಇಲ್ಲ. ಗಂಡನಿಗೂ ಅಷ್ಟೇ. ಸಾವಿರ ಜನಕ್ಕೆ ಊಟ ಹಾಕಲು, ಛತ್ರ ಹಿಡಿಯಲು, ಡಿಜೆ ಕುಣಿಸಲು ಸಾಲ ಹುಟ್ಟುತ್ತದೆ. ಯಾರ ಸಲುವಾಗಿ ಅಷ್ಟು ಖರ್ಚಾಯಿತೋ ಆ ಇಬ್ಬರು ಮೂರು ದಿನ ಹೋಗಿಬರಲು ಮಾತ್ರ ದುಡ್ಡಿಲ್ಲ ಅನ್ನುತ್ತಾರೆ. ಈ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಕಾರವಾರದ ಕಡಲಿಗೆ ಬಂದ ರವೀಂದ್ರನಾಥ ಠಾಕೂರರ ಕಥೆ ಇಲ್ಲಿ ನೆನಪಾಗುತ್ತದೆ. 1883ರಲ್ಲಿ ಅವರಿಗೆ ಇಪ್ಪತ್ತೆರಡರ ಪ್ರಾಯ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಮನೆಮಂದಿಯ ಜೊತೆಯಲ್ಲೇ ಇದ್ದು ಅಲ್ಲೊಂದು ನಾಟಕ ಬರೆದರು. ಅಲ್ಲಿಂದ ಹೋದ ಸ್ವಲ್ಪ ದಿನಕ್ಕೇ, ಅದೇ ವರ್ಷದ ಡಿಸೆಂಬರಿನಲ್ಲಿ, ಅವರ ಮದುವೆಯಾಯಿತು. ಕಡಲು ಮೊದಲು, ಮದುವೆ ಆಮೇಲೆ! ಕಾರವಾರದ ಕಡಲ ತೀರಕ್ಕೆ ಈಗ ಅವರದೇ ಹೆಸರು.

ಯಾವಾಗ ಹೋಗಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ನಮ್ಮಲ್ಲಿ ವರ್ಷವಿಡೀ ಬೀಳುವ ಮಳೆ ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡವೇ ಕುಸಿದು ರಸ್ತೆ ಬದಿಯ ಚಹಾದಂಗಡಿ, ನಿಂತ ಲಾರಿ, ಅದರಲ್ಲಿದ್ದವರು ಮಣ್ಣು ಪಾಲಾಗಿ ಗಂಗಾವಳಿ ನದಿ ಸೇರಿದರು. ಮುಂದಿನ ತಿಂಗಳೇ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೇ ಸೇತುವೆ ಮುರಿದು ಬಿತ್ತು. ಮಳೆಗಾಲದ ಕಡಲು ಫೋಟೋದಲ್ಲಿ ಚೆಂದ. ರಸ್ತೆಯಲ್ಲಿ ಅಲ್ಲ.

ಇದರಲ್ಲೊಂದು ತಮಾಷೆಯೂ ಇದೆ. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ ನಿಷೇಧ. ನಮ್ಮ ಕಡೆ ಆಷಾಢದಲ್ಲಿ ಹೊಸ ಸೊಸೆ ಅತ್ತೆ ಮನೆಯಲ್ಲಿರುವಂತಿಲ್ಲ. ಅಲ್ಲಿ ದೋಣಿ ದಡಕ್ಕೆ, ಇಲ್ಲಿ ಸೊಸೆ ತವರಿಗೆ. ಎರಡೂ ಕಡೆ ಗಂಡಸರು ಮುಖ ಸಪ್ಪಗೆ ಮಾಡಿಕೊಂಡು ಕೂತಿರುತ್ತಾರೆ.

ಮದುವೆ ಹೆಚ್ಚು ನಡೆಯುವುದು ಬೇಸಿಗೆಯಲ್ಲಿ. ಆಗ ಕಡಲ ಕಡೆ ಸೆಕೆ ಎಂದರೆ ಸೆಕೆ, ಮೈಗೆ ಅಂಟಿದ ಬಟ್ಟೆ ಬಿಡುವುದಿಲ್ಲ. ಅಡಿಕೆ ತೋಟಕ್ಕೆ ನೀರು ಕಟ್ಟುವ ಕೆಲಸವೂ ಆಗಲೇ. ಡಿಸೆಂಬರಿನಲ್ಲಿ ಶಾಲಾ ಮಕ್ಕಳ ಬಸ್ಸುಗಳು ಸಾಲು ನಿಂತಿರುತ್ತವೆ, ಶಿವರಾತ್ರಿಗೆ ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಮ್ಮ ರೈತ ಜೋಡಿಗೆ ಹೇಳಿ ಮಾಡಿಸಿದ ಹೊತ್ತು ಸಂಕ್ರಾಂತಿಯ ನಂತರ, ಶಿವರಾತ್ರಿಯ ಮುಂಚೆ. ರಾಗಿ, ಮೆಕ್ಕೆಜೋಳ ಮನೆ ಸೇರಿರುತ್ತದೆ, ಅಡಿಕೆ ಕೊಯ್ಲೂ ಮುಗಿಯುತ್ತ ಬಂದಿರುತ್ತದೆ. ಸೋಮವಾರ ಹೊರಟು ಗುರುವಾರ ವಾಪಸು ಬನ್ನಿ. ಶನಿವಾರ, ಭಾನುವಾರ ಅಲ್ಲಿ ರೂಮಿನ ಬಾಡಿಗೆ ಮುಟ್ಟಿದರೆ ಬಿಸಿ. ಬೆಂಗಳೂರಿನವರು ಇಡೀ ಕಡಲನ್ನೇ ಬುಕ್ ಮಾಡಿರುತ್ತಾರೆ.

ದಾರಿ, ಠಿಕಾಣಿ

ರೈಲೇ ಬೇಕೆನ್ನುವವರು ಇಲ್ಲಿಂದ ಬೀರೂರಿಗೆ ಹೋಗಿ ತಾಳಗುಪ್ಪದ ಗಾಡಿ ಹಿಡಿಯಬೇಕು. ಭದ್ರಾವತಿ, ಶಿವಮೊಗ್ಗ, ಸಾಗರ ಕಳೆದು ತಾಳಗುಪ್ಪದಲ್ಲಿ ಹಳಿ ಮುಗಿಯುತ್ತದೆ. ಮುಂದೆ ಬಸ್ಸು. ಜೋಗ ದಾರಿಯಲ್ಲೇ ಸಿಗುತ್ತದೆ. ಜನವರಿಯಲ್ಲಿ ಅಲ್ಲಿ ನೀರು ಕಡಿಮೆ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಹಿಡಿದಿಟ್ಟ ಮೇಲೆ ಉಳಿದದ್ದಷ್ಟೇ. ಆದರೂ 253 ಮೀಟರ್ ಆಳದ ಬಂಡೆ ನೋಡಲು ನೀರೇ ಬೇಕೆಂದೇನಿಲ್ಲ. ಚಿತ್ರದುರ್ಗದ ಕಲ್ಲಿನಲ್ಲಿ ಬೆಳೆದವರಿಗೆ ಬಂಡೆಯ ಬೆಲೆ ಗೊತ್ತು.

ಬಸ್ಸಿಗೆ ಹೋಗುವವರಿಗೆ ಒಂದು ಲಾಭವಿದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾದಾ ಬಸ್ಸುಗಳಲ್ಲಿ ಹೆಂಡತಿಗೆ ಟಿಕೆಟ್ ದುಡ್ಡಿಲ್ಲ. ಜೋಡಿಗೆ ಅರ್ಧ ಖರ್ಚು ಉಳಿಯಿತು. ಆಧಾರ್ ಕಾರ್ಡ್ ಆಕೆಯ ಚೀಲದಲ್ಲೇ ಇರಲಿ, ಗಂಡನ ಜೇಬಿನಲ್ಲಲ್ಲ.

ಮನೆಯಲ್ಲಿ ದೇವರ ಹೆಸರು ಹೇಳಲೇಬೇಕಾದವರಿಗೆ ಸಾಗರದಿಂದ ಇನ್ನೊಂದು ದಾರಿ ತೆರೆದಿದೆ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಲ್ಲಿಯ ತನಕ ಲಾಂಚಿಗೆ ಕಾಯುವುದೇ ದೊಡ್ಡ ಯಾತ್ರೆಯಾಗಿತ್ತು. ಈಗ ಸಿಗಂದೂರು ಚೌಡೇಶ್ವರಿಗೆ ಕೈ ಮುಗಿದು ಕೊಲ್ಲೂರು ಮೂಕಾಂಬಿಕೆಗೆ ಹೋಗಿ ಬೈಂದೂರಿಗೆ ಇಳಿಯಬಹುದು. ಮುಂದೆ ದಕ್ಷಿಣಕ್ಕೆ ಮರವಂತೆ. ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಬಸ್ಸಿನ ಕಿಟಕಿ ಯಾವ ಕಡೆಯದಾದರೂ ಜಗಳವಿಲ್ಲ. ಆದರೆ ಆ ಉಡುಪಿ ಜಿಲ್ಲೆಯ ದಾರಿಯಲ್ಲಿ ಖಾಸಗಿ ಬಸ್ಸುಗಳದ್ದೇ ದರಬಾರು, ಅಲ್ಲಿ ಶಕ್ತಿ ನಡೆಯುವುದಿಲ್ಲ.

ಎಲ್ಲಿ ಉಳಿಯಬೇಕು ಅಂತ ನನ್ನನ್ನು ಕೇಳಿದರೆ ಮುರುಡೇಶ್ವರ ಅನ್ನುವುದಿಲ್ಲ. 123 ಅಡಿ ಶಿವ, ಇಪ್ಪತ್ತು ಅಂತಸ್ತಿನ ಗೋಪುರ ಒಂದು ಹೊತ್ತು ನೋಡಿ ಬರಬೇಕಾದ್ದೇ. ಉಳಿಯಲು ಹೊನ್ನಾವರದ ಸುತ್ತ ಸರಿ. ಶರಾವತಿ ಕಡಲು ಸೇರುವುದು ಅಲ್ಲೇ. ಜೋಗದಲ್ಲಿ ಬಿದ್ದ ನೀರು ಅಲ್ಲಿ ಅಗಲವಾಗಿ, ಅವಸರವಿಲ್ಲದೆ ಹೋಗುತ್ತದೆ. ಕಾಂಡ್ಲಾ ಗಿಡಗಳ ನಡುವೆ ಹಲಗೆಯ ದಾರಿ ಮಾಡಿದ್ದಾರೆ, ದೋಣಿಯಲ್ಲೂ ಸುತ್ತಬಹುದು. ಹೊಳೆ ದಾಟಿದರೆ ಕಾಸರಕೋಡು ತೀರ, 2020ರಲ್ಲಿ ಪಡುಬಿದ್ರಿಯ ಜೊತೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದದ್ದು. ಸ್ವಲ್ಪ ಮುಂದೆ ಅಪ್ಸರಕೊಂಡ. ಗುಡ್ಡದ ಮೇಲೆ ಕೂತರೆ ತೀರ ಉದ್ದಕ್ಕೂ ಕಾಣುತ್ತದೆ. ಮಾತಿಲ್ಲದೆ ಕೂರಬಹುದಾದ ಜಾಗ. ಹೊಸ ಜೋಡಿಗೆ ಮಾತಿಗಿಂತ ಅದೇ ಕಷ್ಟದ ಕೆಲಸ.

ಅದೇ ಕಾಸರಕೋಡು ಟೊಂಕದಲ್ಲಿ ಮೀನುಗಾರರು ಬಂದರು ಯೋಜನೆ ಬೇಡವೆಂದು ವರ್ಷಗಟ್ಟಲೆ ಹೋರಾಡಿದ್ದಾರೆ. ನಮಗೆ ತಿರುಗಾಡುವ ದಂಡೆ ಅವರಿಗೆ ಹೊಲ, ಕಣ. ಒಣಗಲು ಹಾಕಿದ ಮೀನು ನೋಡಿ ಮೂಗು ಮುಚ್ಚಿಕೊಳ್ಳಬೇಡಿ, ಬಲೆ ತುಳಿಯಬೇಡಿ. ನಮ್ಮ ಕಣದಲ್ಲಿ ಯಾರಾದರೂ ಚಪ್ಪಲಿ ಹಾಕಿಕೊಂಡು ಓಡಾಡಿದರೆ ಸುಮ್ಮನಿರುತ್ತೇವೆಯೇ?

ಉತ್ತರಕ್ಕೆ ಹೋದರೆ ಕುಮಟಾ ದಾಟಿ ಮಿರ್ಜಾನ್ ಕೋಟೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನ ಜೊತೆ ಹೇಳುವ ಕೋಟೆ. ನಮ್ಮ ದುರ್ಗದ್ದು ಬಿರುಸಾದ ಕರಿಗಲ್ಲು, ಅದು ಪಾಚಿ ಹಿಡಿದ ಕೆಂಪು ಜಂಬಿಟ್ಟಿಗೆ. ಎರಡನ್ನೂ ಕಂಡವರಿಗೆ ವ್ಯತ್ಯಾಸ ಹೇಳಬೇಕಾಗಿಲ್ಲ. ಮುಂದೆ ಗೋಕರ್ಣ, ಮಹಾಬಲೇಶ್ವರ. ಓಂ, ಕುಡ್ಲೆ ತೀರಗಳಲ್ಲಿ ವಿದೇಶಿಯರು ಸಿಗುತ್ತಾರೆ. ಅವರನ್ನು ನೋಡಲು ಹೋಗುವ ಗಂಡಂದಿರು ಹೆಂಡತಿಯ ಮುಖವನ್ನೂ ನೋಡುವುದು ಒಳ್ಳೆಯದು.

ಊಟದ ಮಾತು ಸಣ್ಣದು. ಮುದ್ದೆ ಸಿಗುವುದಿಲ್ಲ, ಕುಚಲಕ್ಕಿ ಅನ್ನ ಮೊದಲ ದಿನ ಗಂಟಲಿಗೆ ಇಳಿಯುವುದಿಲ್ಲ. ಮುರುಗಲ ಹಣ್ಣಿನ ಶರಬತ್ತು ಮಾತ್ರ ಬಿಡಬೇಡಿ.

ನೀರಿಗಿಳಿಯುವ ಮುನ್ನ

ಇಲ್ಲಿ ತಮಾಷೆ ಸಾಕು. ಬಯಲುಸೀಮೆಯ ನಮಗೆ ಕಡಲಿನ ಅಂಜಿಕೆ ಇಲ್ಲ, ಯಾಕೆಂದರೆ ಕಡಲಿನ ಅರಿವೇ ಇಲ್ಲ. ಬಾವಿಯಲ್ಲಿ, ಕೆರೆಯಲ್ಲಿ ಈಜಿದವನು ಅಲ್ಲೂ ಈಜುತ್ತೇನೆ ಅಂದುಕೊಳ್ಳುತ್ತಾನೆ. ಹೊಸ ಹೆಂಡತಿ ದಡದಲ್ಲಿ ನೋಡುತ್ತಿದ್ದರೆ ಇನ್ನೂ ನಾಲ್ಕು ಮಾರು ಮುಂದೆ ಹೋಗುತ್ತಾನೆ. 2024ರ ಡಿಸೆಂಬರ್ 10ರಂದು ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಕಡಲು ಪಾಲಾದರು. ಕೋಲಾರದ ಬಯಲಿನ ಮಕ್ಕಳು. ನಮ್ಮ ಮಕ್ಕಳ ಹಾಗೆಯೇ.

ಕಡಲಿನ ಸೆಳೆತ ಎಂದರೆ ಏನು? ಕೆರೆಯ ತೂಬು ಎತ್ತಿದಾಗ ಬಾಯಿಯ ಹತ್ತಿರ ನೀರು ಹೇಗೆ ಎಳೆಯುತ್ತದೆ ಅಂತ ಹಳ್ಳಿಯವರಿಗೆ ಗೊತ್ತು. ಇದೂ ಹಾಗೇ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸು ಹೋಗಲು ಒಂದು ಸಂದು ಹುಡುಕುತ್ತದೆ, ಆ ಸಂದಿನಲ್ಲಿ ಜೋರಾಗಿ ಒಳಕ್ಕೆ ಓಡುತ್ತದೆ. ಮೋಸ ಇರುವುದು ಇಲ್ಲಿ. ಆ ಸಂದಿನಲ್ಲಿ ಅಲೆ ಒಡೆಯುವುದಿಲ್ಲ, ಅಕ್ಕಪಕ್ಕದಲ್ಲಿ ನೊರೆ ಎದ್ದರೂ ಅಲ್ಲಿ ನೀರು ಶಾಂತವಾಗಿ ಕಾಣುತ್ತದೆ. ಹೊಸಬರು 'ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ' ಅಂತ ಅದರೊಳಗೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಿ ಸುಸ್ತಾಗಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದು, ಎಳೆತ ತಪ್ಪಿದ ಮೇಲೆ ದಡದ ಕಡೆ ತಿರುಗಬೇಕು. ಈಜು ಬಾರದವರು ಮೊಣಕಾಲಿನ ಮೇಲೆ ನೀರು ಬಾರದಂತೆ ನಿಲ್ಲಿ. ಕೆಂಪು ಬಾವುಟ ಕಂಡರೆ ಅಷ್ಟೂ ಬೇಡ. ಜೀವರಕ್ಷಕ ಸಿಬ್ಬಂದಿ ಸೀಟಿ ಊದಿದರೆ ಅದು ನಿಮಗೇ. ಅವರಿಲ್ಲದ ತೀರದಲ್ಲಿ ಮೀನುಗಾರರನ್ನು ಕೇಳಿ, ಭರತ ಯಾವಾಗ, ಇಳಿತ ಯಾವಾಗ ಅಂತ ಅವರಿಗೆ ಬಾಯಿಪಾಠ. ಕುಡಿದು ಇಳಿಯಬೇಡಿ. ಗೋಕರ್ಣದ ಬಂಡೆಗಳ ತುದಿಯಲ್ಲಿ ಬೆನ್ನು ಕಡಲಿಗೆ ಮಾಡಿ ಫೋಟೋ ತೆಗೆಸಿಕೊಳ್ಳಬೇಡಿ.

ಲಾಡ್ಜಿನ ಕೌಂಟರಿನಲ್ಲಿ

ಇನ್ನೊಂದು ಸಂಕಟ ರೂಮು ಕೇಳುವಾಗ. ಹುಡುಗಿಯ ಆಧಾರಿನಲ್ಲಿ ತವರಿನ ವಿಳಾಸ, ಹುಡುಗನದ್ದರಲ್ಲಿ ಈ ಊರು. ಕೌಂಟರಿನವನು ಒಮ್ಮೆ ಕಾರ್ಡ್ ನೋಡಿ, ಒಮ್ಮೆ ಕೊರಳು ನೋಡಿ, ಮತ್ತೆ ಕಾರ್ಡ್ ನೋಡುತ್ತಾನೆ. ಹುಡುಗಿ ನೆಲ ನೋಡುತ್ತಾಳೆ. ಮೊದಲ ಪ್ರವಾಸದ ಮೊದಲ ನೆನಪು ಇದಾಗಬಾರದು. ವಯಸ್ಸಿಗೆ ಬಂದ ಇಬ್ಬರು ಗುರುತಿನ ಚೀಟಿ ಕೊಟ್ಟು ರೂಮು ಕೇಳಿದರೆ ಮದುವೆಯ ಸರ್ಟಿಫಿಕೇಟ್ ತೋರಿಸಲೇಬೇಕೆಂಬ ಕಾನೂನು ಇಲ್ಲ. ಆದರೆ ಅಲ್ಲಿ ನಿಂತು ಕಾನೂನು ಹೇಳುವ ಧೈರ್ಯ ಎಷ್ಟು ಜನಕ್ಕಿದೆ? ಅದಕ್ಕೇ ಮುಂಚೆಯೇ ಫೋನ್ ಮಾಡಿ, ಇಬ್ಬರ ಹೆಸರು ಹೇಳಿ, ರೂಮು ಗೊತ್ತು ಮಾಡಿಕೊಂಡು ಹೋಗಿ. ಮದುವೆ ನೋಂದಣಿಯನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತಡ ಮಾಡದೆ ಮುಗಿಸಿ. ಲಾಡ್ಜಿಗಲ್ಲದಿದ್ದರೂ ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಹೇಗೂ ಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದು ಮೋಟಾರಿನದ್ದು. ತ್ರೀ ಫೇಸ್ ಕರೆಂಟ್ ನಡುರಾತ್ರಿ ಬರುತ್ತದೋ ನಸುಕಿಗೆ ಬರುತ್ತದೋ ಯಾರಿಗೆ ಗೊತ್ತು? ಮೂರು ದಿನ ತೋಟದ ನೀರು ನೋಡಿಕೊಳ್ಳಲು ತಮ್ಮನಿಗೇ ಹೇಳಬೇಕು. ಹೇಳಿದ ಕೂಡಲೇ ಅವನು 'ಅಣ್ಣಾ, ನಾನೂ ಬತ್ತೀನಿ' ಅನ್ನುತ್ತಾನೆ. ಹೆದರಬೇಡಿ. ನಿನ್ನ ಮದುವೆಯಾದ ವರ್ಷ ಮೂರು ದಿನವಲ್ಲ, ಒಂದು ವಾರ ನಾನು ಮೋಟಾರ್ ಹಾಕುತ್ತೇನೆ ಅಂತ ಅತ್ತಿಗೆಯ ಎದುರಿಗೇ ಮಾತು ಕೊಟ್ಟು, ಸೋಮವಾರ ಮೊದಲ ಬಸ್ಸಿಗೆ ಹೊರಡಿ.